ಮುಚ್ಚಿಹೋಗುವ ಕೆಲಸ

ವಿಮಾನದ ಮಾದರಿ ಕಟ್ಟುವ ಹವ್ಯಾಸಿಗಳದ್ದು ಒಂದು ವಿಚಿತ್ರ ರೂಢಿ. ಪೈಲಟ್ ಕೂರುವ ಗೂಡಿನ ಒಳಗೋಡೆ, ಕಾಲಡಿಯ ಪೆಡಲು, ಉಗುರಿನಷ್ಟೂ ಅಗಲವಿಲ್ಲದ ಮೀಟರ್ ಹಲಗೆ ಇವಕ್ಕೆಲ್ಲ ಎರಡು ಮೂರು ಸಂಜೆ ಕೂತು ಬಣ್ಣ ಹಚ್ಚುತ್ತಾರೆ. ಆಮೇಲೆ ಒಡಲಿನ ಎಡ ಹೋಳಿಗೆ ಬಲ ಹೋಳನ್ನು ಅಂಟಿಸಿ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚಿದ ಮೇಲೆ ಒಳಗಿನದರಲ್ಲಿ ಹೆಚ್ಚಿನದು ಯಾರಿಗೂ ಕಾಣುವುದಿಲ್ಲ. ಮಾಡಿದವರಿಗೂ ಕಾಣುವುದಿಲ್ಲ. ಹಾಗಾದರೆ ಮಾಡಿದ್ದು ಯಾರಿಗೆ?

ಹನೂರು ತಾಲ್ಲೂಕಿನ ಅಜ್ಜೀಪುರದಲ್ಲಿ ಕೂತು ಕೇಳಿದರೆ, ಈ ಪ್ರಶ್ನೆಗೆ ಆಸುಪಾಸಿನ ಸೀಮೆಯಲ್ಲೇ ಒಂದಕ್ಕೊಂದು ಒಪ್ಪದ ಉತ್ತರಗಳು ಸಿಗುತ್ತವೆ. ಅದಕ್ಕೂ ಮೊದಲು ಅಳತೆಯ ಮಾತು. ಮಾದರಿಗಳಲ್ಲಿ ಬಹಳ ಚಾಲ್ತಿಯಲ್ಲಿರುವ ಪ್ರಮಾಣ 72ಕ್ಕೆ 1. ಆರಡಿ ಆಳು ಅಲ್ಲಿ ಒಂದಂಗುಲ. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲಿ 'ಪೆಂಗ್ವಿನ್' ಹೆಸರಿನ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದದ್ದೂ ಇದೇ ಅಳತೆಯಲ್ಲಿ. ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರಲ್ಲಿ ಅನಾವರಣಗೊಂಡ, ಹುಲಿಯೇರಿದ ಮಾದಪ್ಪನ 108 ಅಡಿಯ ಪ್ರತಿಮೆಯನ್ನು ಈ ಲೆಕ್ಕಕ್ಕೆ ಇಳಿಸಿದರೆ ಒಂದೂವರೆ ಅಡಿಯಾಗುತ್ತದೆ. ದೇವರನ್ನು ಹಿಗ್ಗಿಸುವ ಆಸೆಯೂ ವಿಮಾನವನ್ನು ಕುಗ್ಗಿಸುವ ಆಸೆಯೂ ಒಂದೇ ಪ್ರಾಣಿಗೆ ಇರುವುದು ತಮಾಷೆಯೇ ಸರಿ.

ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನ ಸುಮಾರು 15.87 ಮೀಟರ್ ಉದ್ದ. ಮಾದರಿಯಲ್ಲಿ ಅದು 22 ಸೆಂಟಿಮೀಟರ್, ಅಂಗೈ ಮೇಲೆ ಇಟ್ಟುಕೊಳ್ಳಬಹುದಾದಷ್ಟು. ಅಷ್ಟರೊಳಗೆ ಎಷ್ಟು ಫಜೀತಿ ಅಡಗಿದೆ ಎನ್ನುವುದು ಡಬ್ಬಿಯ ಮೇಲಿನ ಚಿತ್ರ ನೋಡಿದರೆ ತಿಳಿಯದು. ಚೌಕಟ್ಟಿನಿಂದ ಕತ್ತರಿಸುವಾಗ ಅಕ್ಕಿಕಾಳಿನಷ್ಟು ಭಾಗವೊಂದು ಚಿಮ್ಮಿ ಮಂಚದಡಿ ಸೇರುತ್ತದೆ, ಪೊರಕೆ ಆಡಿಸಿದರೂ ಸಿಗುವುದಿಲ್ಲ. ಸೂಪರ್ ಗ್ಲೂ ಬಳಸಿದರೆ ಅದರ ಆವಿ ಪಾರದರ್ಶಕ ಮುಚ್ಚಳದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ನೀರಿನಲ್ಲಿ ನೆನೆಸಿ ಜಾರಿಸಬೇಕಾದ ಡೆಕಾಲ್ ತನ್ನ ಮೇಲೆ ತಾನೇ ಮಡಚಿಕೊಂಡು ವಾಯುಪಡೆಯ ತ್ರಿವರ್ಣ ವೃತ್ತ ಮುದ್ದೆಯಾಗುತ್ತದೆ. ಬೆನ್ನಿನ ಬೆಸುಗೆ ಗೆರೆಗೆ ಪುಟ್ಟಿ ಹಾಕಿ, ಎಮರಿ ಪೇಪರಿನಲ್ಲಿ ಉಜ್ಜಿ, ಬೆರಳಾಡಿಸಿ ನಯವಾಯಿತೆಂದು ಪ್ರೈಮರ್ ಹೊಡೆದರೆ ಗೆರೆ ಮತ್ತೆ ಎದ್ದು ಕಾಣುತ್ತದೆ. ಕಣ್ಣಿಗೂ ಬೆರಳಿಗೂ ಸಿಗದ ತಪ್ಪನ್ನು ಆ ಬೂದುಬಣ್ಣ ಹಿಡಿದುಕೊಡುತ್ತದೆ.

ಗೀತೆ ಓದಿದವರು ಇಲ್ಲಿ ಫಲದಾಸೆ ಬಿಡಬೇಕೆಂದು ಬುದ್ಧಿ ಹೇಳಬಹುದು. ಆದರೆ ಫಲವೇ ಬೇಡವೆಂದವನು ಗೆರೆಯನ್ನು ಹಾಗೇ ಬಿಟ್ಟುಬಿಡುತ್ತಾನಲ್ಲ! ರೆಕ್ಕೆ ಸೊಟ್ಟಗೆ ಕೂತರೂ ನೆಟ್ಟಗೆ ಕೂತರೂ ಒಂದೇ ಎನ್ನುವುದು ವೈರಾಗ್ಯವಲ್ಲ, ಉಡಾಫೆ. ಕೆಲಸ ಸರಿಯಾಗಬೇಕೆಂಬ ಹಟ ಬೇರೆ, ಅದರಿಂದ ತನಗೆ ಇಂಥದ್ದು ಸಿಗಬೇಕೆಂಬ ಆಸೆ ಬೇರೆ. ಮುಚ್ಚಿಹೋಗುವ ಗೂಡಿಗೆ ಬಣ್ಣ ಹಚ್ಚುವಾಗ ಮೊದಲನೆಯದು ಇರುತ್ತದೆ, ಎರಡನೆಯದಕ್ಕೆ ಜಾಗವೇ ಇಲ್ಲ.

ಅಸಲಿ ಮಾರುತ್‌ನ ಕಥೆಯೂ ಈ ಮಾತಿಗೆ ದೂರವಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲ ಸಲ ಹಾರಿದ ಆ ವಿಮಾನವನ್ನು ಶಬ್ದದ ಎರಡು ಪಟ್ಟು ವೇಗಕ್ಕೆಂದು ಯೋಚಿಸಲಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಒದಗಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳ ಬಲದಲ್ಲೇ ಅದು 1971ರ ಯುದ್ಧದಲ್ಲಿ ಲೋಂಗೆವಾಲಾದ ಸುತ್ತಮುತ್ತ ಕೆಲಸ ಮಾಡಿತು. ಒಡಲು ಕಟ್ಟಿದವರ ಕೆಲಸದಲ್ಲಿ ಊನವಿರಲಿಲ್ಲ, ಫಲ ಅವರ ಕೈಯಲ್ಲಿರಲಿಲ್ಲ ಅಷ್ಟೇ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಮಾರುತ್ ಇದೆ. ಶಾಲಾ ಮಕ್ಕಳು ಅದರೆದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಾಗೆಂದು ಈ ಹವ್ಯಾಸವನ್ನು ಕಾಯಕವೆಂದು ಕರೆದರೆ ಶರಣರು ಒಪ್ಪಲಾರರು. ಕಾಯಕಕ್ಕೆ ದಾಸೋಹದ ಜೋಡಿ ಬೇಕು, ದುಡಿಮೆ ನಾಲ್ಕು ಜನಕ್ಕೆ ಒದಗಬೇಕು. ಕಪಾಟಿನಲ್ಲಿ ನಿಂತ ಮಾದರಿ ಯಾರ ಹೊಟ್ಟೆ ತುಂಬಿಸೀತು? 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾಮಕ್ಕಳಿಂದ ಇದೇ 72ನೇ ಒಂದರ ಅಳತೆಯ ಐದು ಲಕ್ಷ ಮಾದರಿಗಳನ್ನು ಕೇಳಿತ್ತು, ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಸೈನಿಕರಿಗೆ ಗುರುತು ಕಲಿಸಲು. ಉಪಯೋಗ ಬಂತು, ಆದರೆ ಎಂಥ ಉಪಯೋಗ ಎಂಬ ಪ್ರಶ್ನೆಯೂ ಜೊತೆಗೇ ಬಂತು.

ಇದೇ ಹನೂರು ಸೀಮೆಯ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ಧೊಂಡೆನ್‌ಲಿಂಗ್ ವಸತಿ, ಝೊಗ್ಚೆನ್ ಮಠ ಇವೆ. ಟಿಬೆಟನ್ ಬೌದ್ಧ ಪರಂಪರೆಯಲ್ಲಿ ಭಿಕ್ಷುಗಳು ಸಣ್ಣ ಲೋಹದ ಕೊಳವೆಯನ್ನು ಉಜ್ಜುತ್ತ ಬಣ್ಣದ ಮರಳನ್ನು ಎಳೆಎಳೆಯಾಗಿ ಸುರಿದು ದಿನಗಟ್ಟಲೆ ಮಂಡಲ ಬರೆಯುತ್ತಾರೆ. ಮುಗಿದ ಮೇಲೆ ಗುಡಿಸಿ ನೀರಿಗೆ ಬಿಡುತ್ತಾರೆ. ಅತ್ತ ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆ ಮಂಟಪದಲ್ಲಿ 17ನೇ ಶತಮಾನದ ಶಿಲ್ಪಿಗಳು ಕಲ್ಲಿನಲ್ಲೇ ಸರಪಳಿಯ ಬಳೆಗಳನ್ನು ಬಿಡಿಸಿದ್ದಾರೆ. ಒಂದು ಏಟು ತಪ್ಪಿದ್ದರೆ ಇಡೀ ಕಲ್ಲು ವ್ಯರ್ಥ. ಒಂದು ಕೆಲಸ ಅಳಿಸಲಿಕ್ಕೆಂದೇ ಮಾಡಿದ್ದು, ಇನ್ನೊಂದು ಉಳಿಯಲಿಕ್ಕೆಂದೇ ಮಾಡಿದ್ದು. ಕೈಯ ಎಚ್ಚರ ಮಾತ್ರ ಎರಡರಲ್ಲೂ ಒಂದೇ. ಆದ್ದರಿಂದ ಎಚ್ಚರದ ಬೆಲೆಯನ್ನು ಬಾಳಿಕೆಯಿಂದ ಅಳೆಯುವುದು ಸಲ್ಲದು. ಪ್ಲಾಸ್ಟಿಕ್ ಮಾರುತ್ ಈ ಎರಡಕ್ಕೂ ಸೇರದ ಎಡೆಬಿಡಂಗಿ. ಗುಡಿಸಲು ಮನಸ್ಸು ಬಾರದು, ಶತಮಾನ ಬಾಳಲೂ ಆರದು. ಧೂಳು ಒರೆಸುವ ಬಟ್ಟೆಗೆ ಸಿಕ್ಕಿದರೆ ಆಂಟೆನಾ ಮುರಿಯುತ್ತದೆ.

ಕಾಣದ ಕೆಲಸ ಬರೀ ಹುಚ್ಚು ಎನ್ನುವವರಿಗೆ ಹವ್ಯಾಸಿಗಳು ಮೂತಿಯ ಸೀಸವನ್ನು ತೋರಿಸುತ್ತಾರೆ. ಮೂತಿಯಡಿಯೂ ಚಕ್ರವಿರುವ ಮಾರುತ್‌ನಂಥ ವಿಮಾನದ ಮಾದರಿಗೆ, ಒಡಲು ಮುಚ್ಚುವ ಮೊದಲೇ ಮೂತಿಯೊಳಗೆ ಭಾರ ಇಡಬೇಕು. ಇಡದಿದ್ದರೆ ಬಣ್ಣ, ಡೆಕಾಲ್, ವಾರ್ನಿಷ್ ಎಲ್ಲ ಮುಗಿಸಿ ಮೇಜಿನ ಮೇಲೆ ನಿಲ್ಲಿಸಿದ ಕೂಡಲೇ ಬಾಲ ಕೆಳಗೂರಿ ಮೂತಿ ಮೇಲೆತ್ತಿ ಕೂರುತ್ತದೆ. ಆಗ ಉಳಿಯುವುದು ಒಂದೇ ಉಪಾಯ: ಮುಂಚಕ್ರದ ಗೂಡಿನಲ್ಲಿ ತೂತು ಕೊರೆದು, ಸೀಸದ ಗುಂಡುಗಳನ್ನು ಒಂದೊಂದಾಗಿ ಒಳಗೆ ತುರುಕಿ, ಅಂಟು ಸುರಿದು, ತೂತಿಗೆ ಪುಟ್ಟಿ ಮೆತ್ತಿ, ಮತ್ತೆ ಎಮರಿ ಪೇಪರ್ ಹಿಡಿಯುವುದು.