ಸಲಹೆಯೂ ಕಾಯಕವೇ?

ವಿಶ್ವವಿದ್ಯಾಲಯದ ವ್ಯಾಸಂಗವನ್ನು ಮುಗಿಸಿದೊಡನೆಯೇ ಹಲವು ತರುಣರು ಇಂದು ಬೆಂಗಳೂರು, ಮುಂಬಯಿಗಳಲ್ಲಿ ಆಡಳಿತ ಸಲಹೆಗಾರರ ವೃತ್ತಿಯನ್ನು ಕೈಕೊಳ್ಳುತ್ತಿರುವರು. ವೆಚ್ಚವೆಲ್ಲಿ ಮಿಗಿಲಾಯಿತು, ಕೆಲಸವೆಲ್ಲಿ ಕುಂಠಿತವಾಯಿತು ಎಂಬುದನ್ನು ಲೆಕ್ಕಪತ್ರಗಳಿಂದ ಅರಿತು ಉದ್ಯಮದ ಒಡೆಯರಿಗೆ ತಿಳಿಸುವುದು ಅವರ ಕೆಲಸ. ತಾನು ಎಂದೂ ಮಾಡದ ದುಡಿಮೆಯ ವಿಷಯವಾಗಿ ಪರರಿಗೆ ಹೇಳುವ ಮಾತು ಕಾಯಕವೆನಿಸೀತೇ?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರಲು, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ತಿಳಿಹೇಳಿದಳೆಂಬುದು ಪ್ರಸಿದ್ಧ. ಇದೂ ಸಲಹೆಯೇ. ಆದರೆ ಅದರಿಂದ ಕಡಮೆಯಾದುದು ಅವಳದೇ ಮಡಕೆಯ ಅಕ್ಕಿ.

ಸಲಹೆಗಾರನ ಪರೀಕ್ಷೆ ಇರುವುದು ಇಲ್ಲಿಯೇ. ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಅಂತಹ ಗಣಿಯೊಂದರಲ್ಲಿ ನೂರು ಮಂದಿಯನ್ನು ಕಡಮೆ ಮಾಡಿರೆಂದು ಬರೆದುಕೊಡುವುದು ಸುಲಭ. ಆ ನೂರು ಮನೆಗಳ ಒಲೆ ಆರಿದರೂ ಬರೆದವನ ಸಂಬಳದಲ್ಲಿ ಒಂದು ಕಾಸೂ ಕುಂದದು.

ಆದುದರಿಂದ ಈ ವೃತ್ತಿಗೆ ಹೊರಡುವ ತರುಣನು ಮೊದಲು ಗಣಿಗೆ ಇಳಿದು ನೋಡಲಿ. ದುಡಿಯುವವರ ಮಾತನ್ನು ಕೇಳಲಿ. ತಿಳಿಯದುದನ್ನು ತಿಳಿಯದೆಂದು ಒಪ್ಪಲಿ. ಒಡೆಯನಿಗೆ ರುಚಿಸದ ಸತ್ಯವನ್ನು ನುಡಿದು ತನ್ನ ಲಾಭವನ್ನು ಬಿಡಲೂ ಸಿದ್ಧನಾಗಿರಲಿ. ಆಗ ಅವನ ಸಲಹೆಯೂ ಕಾಯಕವಾಗುವುದು. ಅಲ್ಲದಿದ್ದರೆ ಅದು ಮಾತಿನ ವ್ಯಾಪಾರ ಮಾತ್ರ. ಅದರಿಂದ ಬಂದ ಹಣ, ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಹೆಚ್ಚಿನ ಅಕ್ಕಿಯಂತೆ, ದಾಸೋಹಕ್ಕೆ ಸಲ್ಲದು.