ರಾಶಿಯ ಒಳಗಿನ ತೇವ

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಒಳಗೆ ಕೈ ಹಾಕಿ ನೋಡಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಇದೇನೆಂದು ಕೇಳಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಈ ಘಟನೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದದ್ದೇ. ಮಳೆ ಸುರಿದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ. ತೇವವನ್ನು ಅಡಗಿಸಿದ್ದು ತಪ್ಪಾಗಿತ್ತು.

ಅಂದಿನ ಗಿರಾಕಿಗೆ ರಾಶಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಇಂದು ನಾವು ತೊಡುವ ಅಂಗಿಯ ಹತ್ತಿ ಒಂದು ದೇಶದ್ದು, ಬಟ್ಟೆ ಇನ್ನೊಂದು ದೇಶದ್ದು, ಹೊಲಿಗೆ ಮತ್ತೊಂದು ದೇಶದ್ದು. ನಮಗೆ ಕಾಣುವುದು ರಾಶಿಯ ಮೇಲ್ಪದರ ಮಾತ್ರ. ಒಳಗಿನ ತೇವ ಲೋಕಕ್ಕೆ ಕಾಣಿಸಿದ್ದು 2013ರ ಏಪ್ರಿಲ್ 24ರಂದು. ಅಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸಿದ್ಧ ಉಡುಪು ಹೊಲಿಯುತ್ತಿದ್ದ ಬಡ ಕಾರ್ಮಿಕರು. ಆ ಉಡುಪುಗಳು ಯಾವ ಕಂಪೆನಿಗಳಿಗೆ ಹೋಗುತ್ತಿದ್ದವೆಂದು ತಿಳಿಯಲು ಅವಶೇಷಗಳ ನಡುವೆ ಲೇಬಲ್‌ಗಳನ್ನು ಹುಡುಕಬೇಕಾಯಿತು. ಅಂಗಿಗೆ ಒಂದು ಹೆಸರಿತ್ತು. ಆದರೆ ಅದನ್ನು ಹೊಲಿದವರ ಹೊಣೆ ಯಾರದೆಂದು ಎಲ್ಲಿಯೂ ತೆರೆದಿಟ್ಟಿರಲಿಲ್ಲ.

ದೂರದಲ್ಲಿರುವ ರಾಶಿಗೆ ಕೈ ಹಾಕಲು ಈಗ ಡಿಜಿಟಲ್ ದಾಖಲೆ ಬಂದಿದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಕಾನೂನೊಂದರಲ್ಲಿ ಯುರೋಪಿಯನ್ ಒಕ್ಕೂಟವು ಉತ್ಪನ್ನಗಳಿಗೆ 'ಡಿಜಿಟಲ್ ಪಾಸ್‌ಪೋರ್ಟ್' ಕಡ್ಡಾಯಗೊಳಿಸಲು ದಾರಿ ಮಾಡಿಕೊಂಡಿದೆ. ಬ್ಯಾಟರಿಗಳಿಗಾಗಿ ಅದಕ್ಕೂ ಮುಂಚೆ 2023ರಲ್ಲೇ ಪ್ರತ್ಯೇಕ ಕಾನೂನು ಬಂದಿತ್ತು. ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ಇದು ಅನ್ವಯಿಸುವ ದಿನ 2027ರ ಫೆಬ್ರವರಿ 18. ವಸ್ತುವಿನ ಮೇಲಿನ ಸಂಕೇತಕ್ಕೆ ಮೊಬೈಲ್ ಹಿಡಿದರೆ ಅದು ಯಾವುದರಿಂದ ತಯಾರಾಯಿತು, ಅದನ್ನು ಮರುಬಳಕೆ ಮಾಡಬಹುದೇ ಎಂಬಿತ್ಯಾದಿ ವಿವರಗಳು ಸಿಗಬೇಕು. ಬಟ್ಟೆ, ಪೀಠೋಪಕರಣ, ಟಯರ್‌ಗಳು ಸರದಿಯಲ್ಲಿವೆ.

ಇದೇ ಬಗೆಯ ಇನ್ನೊಂದು ಕಾನೂನು ನಮ್ಮ ಕೊಡಗು, ಚಿಕ್ಕಮಗಳೂರಿನ ಬಾಗಿಲಿಗೇ ಬಂದಿದೆ. ಬಾಬಾಬುಡನ್‌ರು ಯಮನಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದರೆಂಬ ಪ್ರತೀತಿಯಿರುವ ನೆಲವಿದು. ಈಗ ಇಲ್ಲಿಂದ ಹೊರಡುವ ಕಾಫಿಯಲ್ಲಿ ಗುಟ್ಟಿರಕೂಡದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಯುರೋಪಿನಲ್ಲಿ ಮಾರುವಂತಿಲ್ಲ. ಅದಕ್ಕಾಗಿ ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಬೇಕು. 4 ಹೆಕ್ಟೇರ್‌ಗಿಂತ, ಅಂದರೆ ಸುಮಾರು 10 ಎಕರೆಗಿಂತ ದೊಡ್ಡ ತೋಟವಾದರೆ ಗಡಿಯ ನಕ್ಷೆಯೇ ಬೇಕು. ಜಾರಿಯ ದಿನಾಂಕ ಎರಡು ಬಾರಿ ಮುಂದೆ ಹೋಗಿದ್ದರೂ ಕಾನೂನು ಹೋಗಿಲ್ಲ. ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರನ್ನು ನೋಂದಾಯಿಸಿಕೊಳ್ಳುತ್ತಿದೆ.

ಕಾಡನ್ನು ಉಳಿಸುವ ಈ ಉದ್ದೇಶ ಒಳ್ಳೆಯದೇ. ಕಡಿಯಲ್ಪಟ್ಟ ಮರ ತಾನಾಗಿ ಬಂದು ಸಾಕ್ಷಿ ಹೇಳಲಾರದು. ಬರೆದಿಡುವುದಕ್ಕೆ ಇಸ್ಲಾಮಿನ ವಿರೋಧವೂ ಇಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್‌ನ ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತ ಆದೇಶಿಸುತ್ತದೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಹೊಣೆ ಹೊತ್ತವನು ಹೇಳಿ ಬರೆಸಬೇಕು, ಅವನು ಅಶಕ್ತನಾದರೆ ಅವನ ಪರವಾಗಿ ಪೋಷಕನು ಬರೆಸಬೇಕು, ಬರೆದವನಿಗೂ ಸಾಕ್ಷಿಗೂ ಹಾನಿಯಾಗಕೂಡದು. ಇಲ್ಲಿ ದಾಖಲೆಯೆಂಬುದು ಇಬ್ಬರನ್ನೂ ಕಾಯುವ ಬೇಲಿ.

ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಈ ಹೊಸ ದಾಖಲೆ ಇಬ್ಬರನ್ನೂ ಕಾಯುತ್ತದೆಯೇ? ಬೆಳೆಗಾರ ತನ್ನ ತೋಟದ ಸ್ಥಳವನ್ನು ತೋರಿಸಬೇಕು. ಕೊಡಗಿನ ಹಲವು ಕುಟುಂಬಗಳ ಜಮೀನು ಇಂದಿಗೂ ಹಿರಿಯರ ಹೆಸರಿನಲ್ಲಿ ಜಂಟಿಯಾಗಿದೆ. ಅಂಥವರು ಕಾಗದ ಹಿಡಿದು ಅಲೆಯಬೇಕು. ಆದರೆ ಯುರೋಪಿನ ಆಮದುದಾರ ಸಲ್ಲಿಸಬೇಕಾದ ಘೋಷಣೆಯು ಬೆಳೆಗಾರನಿಗೆ ಸಿಕ್ಕಿದ ಬೆಲೆಯೆಷ್ಟೆಂದು ಕೇಳುವುದಿಲ್ಲ. ಅಂಗಡಿಯ ಪೊಟ್ಟಣದ ಬೆಲೆಗೂ ತೋಟದ ಬೆಲೆಗೂ ನಡುವೆ ಯಾರ್‍ಯಾರು ಎಷ್ಟೆಷ್ಟು ಇಟ್ಟುಕೊಂಡರೆಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಬೆಲೆ ಎಂಬುದು ವ್ಯಾಪಾರದ ಗುಟ್ಟು ಎನ್ನುವವರಿದ್ದಾರೆ. ಇರಬಹುದು. ಆದರೆ ತೋಟದ ಗಡಿ ಕೂಡ ಬೆಳೆಗಾರನ ಮನೆಯ ವಿಷಯವೇ ಆಗಿತ್ತಲ್ಲವೇ?

ಅಲ್‌ಮುತಫ್ಫಿಫೀನ್ ಅಧ್ಯಾಯವು ಜನರಿಂದ ಪಡೆಯುವಾಗ ಪೂರ್ತಿಯಾಗಿ ಅಳೆದು, ಕೊಡುವಾಗ ಕಡಿಮೆ ಅಳೆಯುವವರನ್ನು ಖಂಡಿಸುತ್ತದೆ. ನಾವು ಅದನ್ನು ತಕ್ಕಡಿ, ಸೇರುಗಳಿಗಷ್ಟೇ ಸೀಮಿತಗೊಳಿಸಿ ಓದುತ್ತೇವೆ. ಮಾಹಿತಿಗೂ ಒಂದು ಅಳತೆಯಿದೆ. ಕೆಳಗಿನವನಿಂದ ಪೂರ್ತಿ ಲೆಕ್ಕ ಕೇಳಿ ತನ್ನ ಲೆಕ್ಕವನ್ನು ಮುಚ್ಚಿಡುವವನ ಅಳತೆಯೂ ಅಂಥದ್ದೇ.

ಈ ಮಾತನ್ನು ಯುರೋಪಿನತ್ತ ಬೆರಳು ತೋರಿಸಿ ಮುಗಿಸುವಂತಿಲ್ಲ. ನಮ್ಮ ತೋಟಗಳಲ್ಲಿ ಕಾಫಿ ಕೊಯ್ಯುವವರಲ್ಲಿ ದೂರದ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರ ಆಧಾರ್ ಚೀಟಿಯನ್ನು ಕೇಳಿ ಪಡೆಯುವ ಮಾಲೀಕ ಅವರ ಕೂಲಿಯ ಲೆಕ್ಕವನ್ನು ಅವರಿಗೆ ಅರ್ಥವಾಗುವಂತೆ ಬರೆದು ಕೊಡುತ್ತಾನೆಯೇ? ಕಂಪೆನಿಯಿಂದ ನ್ಯಾಯ ಬಯಸುವ ಬೆಳೆಗಾರ ತನ್ನ ಆಳಿಗೆ ಅದೇ ನ್ಯಾಯವನ್ನು ಕೊಡದಿದ್ದರೆ ಸರಪಳಿಯ ಪ್ರತಿ ಕೊಂಡಿಯೂ ಕೆಳಗಿನದ್ದನ್ನು ತಪಾಸಣೆ ಮಾಡುತ್ತದೆ, ತಾನು ಮಾತ್ರ ಕತ್ತಲಲ್ಲೇ ಇರುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ರಾಣಾ ಪ್ಲಾಝಾದ ಕೆಲವು ಕಾರ್ಖಾನೆಗಳ ತಪಾಸಣೆ ಅದಕ್ಕೆ ಮುಂಚೆಯೇ ನಡೆದಿತ್ತು, ವರದಿಯೂ ಇತ್ತು. ದುರಂತದ ಹಿಂದಿನ ದಿನ ಗೋಡೆಯಲ್ಲಿ ಬಿರುಕು ಕಂಡಾಗ ಅದೇ ಕಟ್ಟಡದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. ಹೊಲಿಗೆಯವರನ್ನು ಮಾತ್ರ ಮರುದಿನ ಒಳಗೆ ಕರೆಯಲಾಯಿತು. ಅಲ್ಲಿ ಕೊರತೆಯಿದ್ದದ್ದು ಮಾಹಿತಿಯದಲ್ಲ. ಬಿರುಕು ಎಲ್ಲರ ಕಣ್ಣೆದುರಿಗೇ ಇತ್ತು. ಬಡವನ ಜೀವಕ್ಕೆ ಅಷ್ಟು ಬೆಲೆಯಿಲ್ಲವೆಂದು ಬಗೆದ ಮನಸ್ಸನ್ನು ಯಾವ ಸಂಕೇತವೂ ಓದಿ ಹೇಳಲಾರದು.

ಆದ್ದರಿಂದ ದಾಖಲೆ ಬರಲಿ, ಎಲ್ಲರನ್ನೂ ಒಳಗೊಳ್ಳುವಂತೆ ಬರಲಿ. ತೋಟದ ಗಡಿಯ ಜೊತೆಗೆ ಬೆಲೆಯೂ ಕೂಲಿಯೂ ಅದರಲ್ಲಿರಲಿ. ಪ್ರತಿಯೊಬ್ಬನ ಕರ್ಮಗ್ರಂಥವೂ ತೆರೆಯಲ್ಪಡುವ ದಿನವೊಂದಿದೆಯೆಂದು ನಂಬಿದ ನಾವು, ಇನ್ನೊಬ್ಬನ ರಾಶಿಗೆ ಕೈ ಹಾಕುವ ಮೊದಲು ನಮ್ಮ ರಾಶಿಯ ತೇವವನ್ನು ಮೇಲೆ ತಂದಿಡೋಣ.