ಎಣಿಕೆಯಿಂದ ಜಾರಿದ ಮಕ್ಕಳು

ಅಂಗನವಾಡಿಯ ಕಾರ್ಯಕರ್ತೆಯು ತಿಂಗಳಿಗೊಮ್ಮೆ ನಿಮ್ಮ ಮಗುವಿನ ತೂಕ ನೋಡಿ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆಯಿಡುತ್ತಿದ್ದುದು ನೆನಪಿದೆಯೇ? ಒಂದು ಚುಕ್ಕೆ ಹೇಳುವುದು ಅತ್ಯಲ್ಪ. ಚುಕ್ಕೆಗಳನ್ನು ಕೂಡಿಸಿದ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. ಮನುಷ್ಯರ ನಡತೆಯು ಕಾಲಕ್ರಮದಲ್ಲಿ ಹೇಗೆ ರೂಪುಗೊಳ್ಳುತ್ತದೆ ಎಂದು ಅರಿಯಲು ಸಂಖ್ಯಾಶಾಸ್ತ್ರಜ್ಞರು ಹಿಡಿಯುವ ಮಾರ್ಗವೂ ಇದೇ. ಪ್ರತಿ ಮಗುವಿಗೂ ಅದರದೇ ಗೆರೆ; ಎಲ್ಲಿಂದ ಹೊರಟಿತು, ಯಾವ ವೇಗದಲ್ಲಿ ಬದಲಾಯಿತು ಎಂಬೆರಡನ್ನೂ ಅವರು ಬೇರೆಬೇರೆಯಾಗಿ ಅಳೆಯುತ್ತಾರೆ.

ಆದರೆ ನಾವು ಸಾಮಾನ್ಯವಾಗಿ ನಂಬುವುದು ಸರಾಸರಿಯನ್ನು. ಹಳಿಯಾಳದ ಒಂದು ಶಾಲೆಯ ಎಂಟನೆಯ ತರಗತಿಯಲ್ಲಿ 40 ಮಕ್ಕಳಿದ್ದು, ಸರಾಸರಿ ಹಾಜರಾತಿ ಶೇಕಡಾ 80 ಎಂದು ಭಾವಿಸೋಣ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ, ಸರಾಸರಿ ಶೇಕಡಾ 50ರಷ್ಟೇ ಹಾಜರಾಗುತ್ತಿದ್ದ 10 ಮಕ್ಕಳು ಶಾಲೆ ಬಿಡುತ್ತಾರೆ. ಉಳಿದ 30 ಮಕ್ಕಳಲ್ಲಿ ಒಬ್ಬರೂ ಕಿಂಚಿತ್ತೂ ಬದಲಾಗದಿದ್ದರೂ ಸರಾಸರಿ 90ಕ್ಕೆ ಏರುತ್ತದೆ! ಶಿಸ್ತು ಹೆಚ್ಚಿತೆಂದು ನಾವು ಹಿಗ್ಗುತ್ತೇವೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಅದು ಸತ್ಯವಲ್ಲ.

ಬಿಟ್ಟುಹೋದವರೆಲ್ಲ ಒಂದೇ ಬಗೆಯವರಲ್ಲ. ತಂದೆಗೆ ವರ್ಗವಾಗಿ ದಾಂಡೇಲಿಯಿಂದ ಹೊರಟ ಮಗುವಿನ ಅಗಲಿಕೆಗೂ ಅದರ ನಡತೆಗೂ ಸಂಬಂಧವಿರಲಾರದು. ಜೋಯಿಡಾದ ಕಾಡಂಚಿನಿಂದ ಹೆತ್ತವರೊಡನೆ ಗೋವಾಕ್ಕೆ ದುಡಿಯಲು ಹೋದ ಹುಡುಗ, ತಮ್ಮತಂಗಿಯರನ್ನು ನೋಡಿಕೊಳ್ಳಲು ಮುಂಡಗೋಡದ ಮನೆಯಲ್ಲೇ ಉಳಿದ ಹುಡುಗಿ, ಇವರ ಮಾತು ಬೇರೆ. ಕಾರಣವು ಹಿಂದಿನ ದಾಖಲೆಗಳಲ್ಲಿ ಕಾಣುವಂತಿದ್ದರೆ ಗಣಿತವು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲದು. ಯಾರೂ ಕೇಳದ, ಯಾರೂ ಬರೆದಿಡದ ಸಂಕಟವೇ ಕಾರಣವಾಗಿದ್ದರೆ ಯಾವ ಸೂತ್ರವೂ ನೆರವಿಗೆ ಬಾರದು. ಆಗ ಮನೆಗೇ ಹೋಗಿ ವಿಚಾರಿಸಬೇಕು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಒಂದು ಅಧ್ಯಯನವನ್ನು ಆರಂಭಿಸಿತು. ಹುಟ್ಟಿದ 600ಕ್ಕೂ ಹೆಚ್ಚು ಶಿಶುಗಳನ್ನು ಅಂದಿನಿಂದ ಪ್ರಾಯಕ್ಕೆ ಬರುವವರೆಗೂ ಅನುಸರಿಸಲಾಯಿತು. 9-10ನೆಯ ವಯಸ್ಸಿನಲ್ಲಿ ಅವರ ನೆನಪಿನ, ಕಲಿಕೆಯ ಶಕ್ತಿಯನ್ನು ಪರೀಕ್ಷಿಸಿದರು. 13 ದಾಟಿದ ಮೇಲೆ, ಪರರೆದುರು ಮಾತನಾಡುವ ಒತ್ತಡಕ್ಕೆ ಅವರ ದೇಹ ಹೇಗೆ ಸ್ಪಂದಿಸುತ್ತದೆಂದು ನೋಡಿದರು. ಇಂಥ ಕಾರ್ಯದ ನಿಜವಾದ ಕಷ್ಟವಿರುವುದು ಗಣಿತದಲ್ಲಲ್ಲ, ಮನೆ ಬದಲಿಸಿದವರನ್ನು ಹುಡುಕಿ ಮತ್ತೆ ಕರೆತರುವುದರಲ್ಲಿ.

ಮುಂದಿನ ವಾರ್ಷಿಕೋತ್ಸವದಲ್ಲಿ ಹತ್ತನೆಯ ತರಗತಿಯ ಸಾಧನೆಗೆ ನೀವು ಚಪ್ಪಾಳೆ ತಟ್ಟುವಿರಿ; ತಟ್ಟಲೇಬೇಕು. ಅದಾದ ಮೇಲೆ, ಎರಡು ವರ್ಷಗಳ ಹಿಂದಿನ ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ತೋರಿಸುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿರಿ. ಅದರಲ್ಲಿ ಕೆಲವು ಹೆಸರುಗಳು ನಿಮ್ಮ ನೆರೆಮನೆಯವೇ ಆಗಿರಬಹುದು.